ಇನ್‌ಟೇಕ್ ಕಿಟ್ ಆರಿಸುವ ಮುಂಚೆ ಒಂದು ನೀರಿನ ಟ್ಯೂಬು: ಒಂದು 1.6 ಲೀಟರ್ ಕಾರಿನ ಪ್ರಕರಣ

"ಲೋ, ಇನ್‌ಟೇಕ್ ಕಿಟ್ ಹಾಕಿಸಿದ್ದೆ. ನಾಲ್ಕು ದಿನ ಗಾಡಿ ಸೂಪರ್ ಆಗಿತ್ತು. ಈಗ ಇಂಜಿನ್ ಲೈಟ್ ಬಂದು ಕೂತಿದೆ, ಏನ್ ಮಾಡ್ಲಿ?" ಗೆಳೆಯ ಫೋನಿನಲ್ಲಿ ಹೇಳಿದ್ದು ಇಷ್ಟೇ. ಇನ್‌ಟೇಕ್ ಕಿಟ್ ಅಂದರೆ ಇಂಜಿನ್ನಿಗೆ ಗಾಳಿ ಒಯ್ಯುವ ಕಂಪನಿಯ ಪೈಪು, ಫಿಲ್ಟರ್ ಬದಲಿಗೆ ಹಾಕುವ ಸೆಟ್. ಆಮೇಲಿನ ಮೂರು ಭಾನುವಾರ ನಾವಿಬ್ಬರೂ ಆ ಕಾರಿನ ಬಾನೆಟ್ ಕೆಳಗೇ ಕಳೆದೆವು. ಆಗ ಅಳೆದಿದ್ದು, ಕಂಡಿದ್ದು, ಕೊನೆಗೆ ಯಾವ ಕಿಟ್ ಆರಿಸಿದೆವು, ಯಾಕೆ ಅದನ್ನೇ ಆರಿಸಿದೆವು ಅನ್ನೋದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇಂಥದ್ದೇ ಕಿಟ್ ನೋಡ್ತಾ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ.

ಮೊದಲು ಗಾಡಿಯ ವಿಷಯ. 1.6 ಲೀಟರ್ ಪೆಟ್ರೋಲ್ ಇಂಜಿನ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಮ್ಯಾನುಯಲ್ ಗೇರ್. ಓಡಿದ್ದು 90,000 ಕಿ.ಮೀ. ಪವರ್ 105 ಹಾರ್ಸ್‌ಪವರ್ ಆಸುಪಾಸು. ಅವನ ದೂರು ಹಳೆಯದು, ಸುಮಾರು ತಿಂಗಳುಗಳಿಂದ ಹೇಳ್ತಾನೇ ಇದ್ದ: ಪಿಕಪ್ ಇಲ್ಲ, ಅದರಲ್ಲೂ ಟ್ರಾಫಿಕ್‌ನಲ್ಲಿ ನಿಂತು ಹೊರಟರೆ ಗಾಡಿ ಎಳೆಯೋದೇ ಇಲ್ಲ. ಕಂಪನಿಯವರು ಸೌಂಡ್ ಕಡಿಮೆ ಮಾಡೋಕೆ ಇಂಜಿನ್ನಿನ ಉಸಿರು ಕಟ್ಟಿದ್ದಾರೆ, ದೊಡ್ಡ ಫಿಲ್ಟರ್ ಹಾಕಿದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದ್ದರು. ಅವನು ನಂಬಿದ. ಎಲ್ಲ ಗಾಡಿಗೂ ಆಗುತ್ತೆ ಅನ್ನುವ ಒಂದು ಕಿಟ್ ತಂದು ಹಾಕಿಸಿದ. ಅಗಲವಾದ ಅಲ್ಯೂಮಿನಿಯಂ ಪೈಪು, ತುದಿಯಲ್ಲಿ ಕೋನ್ ಆಕಾರದ ತೆರೆದ ಫಿಲ್ಟರ್, ಅದು ಕೂತಿದ್ದು ಇಂಜಿನ್ ಪಕ್ಕದಲ್ಲೇ, ಸುತ್ತ ಯಾವ ಮರೆಯೂ ಇಲ್ಲ.

ಸ್ಕ್ಯಾನರ್ ಹಾಕಿದೆ. ಕೋಡ್ ಪಿ0171. ಅಂದರೆ ಮಿಶ್ರಣ ತೆಳುವಾಗಿದೆ, ಬರುತ್ತಿರುವ ಗಾಳಿಗೆ ಸಾಕಾಗುವಷ್ಟು ಪೆಟ್ರೋಲ್ ಬೀಳ್ತಾ ಇಲ್ಲ. ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ನೋಡಿದರೆ ಪ್ಲಸ್ 23 ಪರ್ಸೆಂಟ್! ಲೆಕ್ಕಕ್ಕಿಂತ ಅಷ್ಟು ಜಾಸ್ತಿ ಪೆಟ್ರೋಲ್ ಹಾಕಿ ಹಾಕಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೇಗೋ ಸಂಭಾಳಿಸ್ತಾ ಇತ್ತು. ಅದರ ಕೈಮೀರಿದ ಮೇಲೆ ಲೈಟ್ ಬಂದಿದೆ.

ಯಾಕೆ ಹೀಗಾಯ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಿಟ್ ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ನೋಡೋದೇ ಇಲ್ಲ. ಈ ಗಾಡಿಯಲ್ಲಿ ಒಳಗೆ ಹೋಗುವ ಗಾಳಿಯನ್ನು ಅಳೆಯೋದು ಮ್ಯಾಫ್ ಸೆನ್ಸರ್. ಪೈಪಿನೊಳಗೆ ಇಳಿಬಿಟ್ಟ ಒಂದು ಪುಟ್ಟ ಬಿಸಿ ತಂತಿ ಅಂದುಕೊಳ್ಳಿ. ಗಾಳಿ ಹೋದಷ್ಟೂ ಅದು ತಣ್ಣಗಾಗುತ್ತೆ, ಅದನ್ನು ಮತ್ತೆ ಅಷ್ಟೇ ಬಿಸಿಯಲ್ಲಿ ಇಡೋಕೆ ಎಷ್ಟು ಕರೆಂಟ್ ಬೇಕಾಯ್ತು ಅನ್ನೋದರಿಂದ ಎಷ್ಟು ಗ್ರಾಂ ಗಾಳಿ ಹೋಯ್ತು ಅಂತ ಗೊತ್ತಾಗುತ್ತೆ. ಆದರೆ ಈ ತಂತಿ ಪೈಪಿನ ಎಲ್ಲ ಗಾಳಿಯನ್ನೂ ಮುಟ್ಟೋದಿಲ್ಲ. ತನ್ನ ಪಕ್ಕದಲ್ಲಿ ಹಾದುಹೋದ ಸ್ವಲ್ಪ ಗಾಳಿಯ ವೇಗ ನೋಡಿ, ಪೈಪು ಇಂತಿಷ್ಟು ಅಗಲ ಇದೆ ಅನ್ನುವ ಲೆಕ್ಕದ ಮೇಲೆ ಮಿಕ್ಕಿದ್ದನ್ನು ಊಹಿಸುತ್ತೆ. ಕಾಲುವೆ ಅಗಲ ಮಾಡಿದರೆ ಅಷ್ಟೇ ನೀರು ನಿಧಾನವಾಗಿ ಹರಿಯುತ್ತಲ್ವಾ? ಇಲ್ಲೂ ಅದೇ ಆಗಿದ್ದು.

ವರ್ನಿಯರ್ ಹಿಡಿದು ಅಳೆದೆವು. ಕಂಪನಿಯ ಪೈಪು ಸೆನ್ಸರ್ ಕೂರುವ ಜಾಗದಲ್ಲಿ ಒಳಗಿನ ಅಳತೆ 60 ಮಿ.ಮೀ. ಕಿಟ್ಟಿನದು 68. ಎಂಟೇ ಮಿಲಿಮೀಟರ್ ಅನಿಸುತ್ತೆ, ಆದರೆ ಲೆಕ್ಕಕ್ಕೆ ಬರೋದು ವ್ಯಾಸ ಅಲ್ಲ, ಬಾಯಿಯ ವಿಸ್ತೀರ್ಣ. 68ನ್ನು 60ರಿಂದ ಭಾಗಿಸಿ ವರ್ಗ ಮಾಡಿದರೆ 1.28. ಹಾಗಾಗಿ ನಿಜವಾಗಿ 100 ಗ್ರಾಂ ಗಾಳಿ ಹೋದಾಗ ಸೆನ್ಸರ್ ಹೇಳೋದು 78 ಗ್ರಾಂ ಆಸುಪಾಸು. ಇಸಿಯು 78ಕ್ಕೆ ತಕ್ಕ ಪೆಟ್ರೋಲ್ ಹಾಕುತ್ತೆ. ನಿಧಾನಕ್ಕೆ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ತಪ್ಪು ತಿದ್ದಿಕೊಳ್ಳುತ್ತೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ತಿದ್ದುಪಡಿಯ ದಾರಿ ಮುಚ್ಚಿರುತ್ತೆ, ಅಲ್ಲಿಯವರೆಗೆ ಕಲಿತದ್ದರ ಮೇಲೇ ನಡೆಯಬೇಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಳಿ ಕಡಿಮೆ ಅಂದರೆ ಇಂಜಿನ್ ಮೇಲೆ ಲೋಡ್ ಕಡಿಮೆ ಅಂತ ತಿಳಿದು ಇಸಿಯು ಸ್ಪಾರ್ಕನ್ನು ಇನ್ನೂ ಮುಂಚೆ ಕೊಡುತ್ತೆ. ತೆಳು ಮಿಶ್ರಣ, ಮುಂಚಿತ ಸ್ಪಾರ್ಕ್, ಮೇಲೆ ಬಿಸಿ ಗಾಳಿ: ಮೂರೂ ಸೇರಿದರೆ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋದು. ಏರಿನಲ್ಲಿ ಒತ್ತಿದಾಗ ಕಟಕಟ ಸದ್ದು ಬರ್ತಿತ್ತು ಅಂತ ಅವನೇ ಆಮೇಲೆ ಹೇಳಿದ. ಪಿಸ್ಟನ್ನಿಗೆ ಪೆಟ್ಟು ಬೀಳುವ ಸದ್ದು ಅದು. ಕೇಳಿದ ದಿನವೇ ಗಾಡಿ ನಿಲ್ಲಿಸಬೇಕಿತ್ತು.

ಇನ್ನೊಂದು ತಪ್ಪೂ ಸಿಕ್ಕಿತು. ಇಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕ್ ಪೈಪಿಗೆ ತರುವ ಬ್ರೀದರ್ ಹೋಸು ಕಿಟ್ಟಿನ ಪೈಪಿನ ಮೂತಿಗಿಂತ ದಪ್ಪ. ಟೇಪ್ ಸುತ್ತಿ ಕ್ಲಾಂಪ್ ಬಿಗಿದಿದ್ದರು, ಕೈಯಲ್ಲಿ ಅಲ್ಲಾಡಿಸಿದರೆ ಕಳಚಿ ಬರ್ತಿತ್ತು. ಸೆನ್ಸರ್ ದಾಟಿದ ಮೇಲೆ ಎಲ್ಲೇ ಸಂದಿ ಇದ್ದರೂ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಸಿಗೋದಿಲ್ಲ, ಫಿಲ್ಟರ್ ಆಗಿಯೂ ಬಂದಿರೋದಿಲ್ಲ.

ಕಿಟ್ ಬಿಚ್ಚುವ ಮುಂಚೆ ಅರ್ಧ ಗಂಟೆ ಸುತ್ತಾಡಿ ಒಳಹೋಗುವ ಗಾಳಿಯ ಬಿಸಿ ಬರೆದುಕೊಂಡೆವು. ಮ್ಯಾಫ್ ಸೆನ್ಸರ್‌ನಲ್ಲೇ ತಾಪಮಾನವೂ ಸಿಗುತ್ತೆ, ಸ್ಕ್ಯಾನರಿನಲ್ಲಿ ನೋಡಬಹುದು. ಹೊರಗೆ 31 ಡಿಗ್ರಿ. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತಾಗ ಪೈಪಿನೊಳಗೆ 61. ಗಾಡಿ ಓಡ್ತಾ ಇದ್ದರೆ ನಿಧಾನಕ್ಕೆ ಇಳಿದು 44ಕ್ಕೆ ನಿಂತಿತು, ಅದಕ್ಕಿಂತ ಕೆಳಗೆ ಬರಲಿಲ್ಲ. ಗಾಳಿ ಬಿಸಿಯಾದರೆ ತೆಳುವಾಗುತ್ತೆ, ಪ್ರತಿ 10 ಡಿಗ್ರಿಗೆ ಸುಮಾರು 3 ಪರ್ಸೆಂಟ್. 31ರಿಂದ 61ಕ್ಕೆ ಹೋದರೆ ಒಂದೊಂದು ಎಳೆತದಲ್ಲೂ 9 ಪರ್ಸೆಂಟ್ ಗಾಳಿ ಕಮ್ಮಿ. ಟ್ರಾಫಿಕ್‌ನಿಂದ ಹೊರಟಾಗ ಎಳೆಯೋದಿಲ್ಲ ಅನ್ನೋದೇ ಅವನ ಮೊದಲ ದೂರು, ಕಿಟ್ ಹಾಕಿದ ಮೇಲೆ ಅದು ಇನ್ನೂ ಹೆಚ್ಚಾಗಿತ್ತು. ಆದರೂ ನಾಲ್ಕು ದಿನ ಸೂಪರ್ ಅನಿಸಿತ್ತು. ಸೌಂಡ್ ಅಂಥದ್ದು. ಗಾಳಿ ಎಳೆಯುವ ಸದ್ದು ಕಿವಿಗೆ ಬಿದ್ದರೆ ಗಾಡಿ ಓಡ್ತಾ ಇದೆ ಅಂತ ಯಾರಿಗಾದರೂ ಅನಿಸುತ್ತೆ, ಅದಕ್ಕೇ ಗಡಿಯಾರ ಬೇಕು.

ಕಿಟ್ ಬಿಚ್ಚಿ ಕಂಪನಿಯ ಏರ್ ಫಿಲ್ಟರ್ ಬಾಕ್ಸನ್ನೇ ವಾಪಸ್ ಕೂರಿಸಿದೆವು. ಕೋಡ್ ಅಳಿಸಿದೆವು. ಒಂದೆರಡು ದಿನದಲ್ಲಿ ಟ್ರಿಮ್ ಪ್ಲಸ್ 3ಕ್ಕೆ ಬಂತು. ಸರಿ, ಆ ಕಥೆ ಮುಗೀತು. ಆದರೆ ಹಳೇ ದೂರು ಹಾಗೇ ಇತ್ತಲ್ಲ.

ಎರಡನೇ ಭಾನುವಾರ ಕಂಪನಿ ಬಾಕ್ಸಿನ ಅಂಕಿಗಳನ್ನು ತೆಗೆದೆವು. ಅಲ್ಲೇ ನನಗೆ ಅನುಮಾನ ಬಂದಿದ್ದು. ಹೊರಗೆ ಅದೇ 31 ಡಿಗ್ರಿ, ಗಾಡಿ ಸರಾಗವಾಗಿ ಓಡ್ತಾ ಇದೆ, ಒಳಗಿನ ಗಾಳಿ 49! ತೆರೆದ ಫಿಲ್ಟರಿಗಿಂತ ಜಾಸ್ತಿ. ಮುಚ್ಚಿದ ಬಾಕ್ಸಿನಲ್ಲಿ ಹೀಗೆ ಬರಬಾರದು. ಬಾನೆಟ್ ಎತ್ತಿ, ಬಾಕ್ಸಿನ ಬಾಯಿ ಎಲ್ಲಿದೆ ಅಂತ ಕೈ ಹಾಕಿ ತಡವಿದೆ. ಬಾಯಿ ಇತ್ತು. ಅದರ ಮುಂದೆ ಗ್ರಿಲ್ ತನಕ ಹೋಗಬೇಕಾದ ಪ್ಲಾಸ್ಟಿಕ್ ಡಕ್ಟೇ ಇರಲಿಲ್ಲ. ಕ್ಲಿಪ್ ಕೂರುವ ಎರಡು ತೂತು ಖಾಲಿ. ಬಾಕ್ಸಿನ ಬಾಯಿ ನೇರವಾಗಿ ರೇಡಿಯೇಟರ್ ಫ್ಯಾನಿನ ಹಿಂದೆ, ಬಿಸಿ ಗಾಳಿ ಹೊಡೆಯುವ ಜಾಗಕ್ಕೆ ತೆರೆದುಕೊಂಡಿತ್ತು. ಹಿಂದೊಮ್ಮೆ ಬಂಪರ್ ರಿಪೇರಿಗೆ ಬಿಟ್ಟಿದ್ದ, ಆಗ ಬಿಚ್ಚಿದ್ದನ್ನು ಮತ್ತೆ ಹಾಕಿಲ್ಲ. ಅವನು ನೆನಪು ಮಾಡಿಕೊಂಡು ಹೇಳಿದ, ಪಿಕಪ್ ಹೋಗಿದ್ದೂ ಹೆಚ್ಚುಕಡಿಮೆ ಆಗಿನಿಂದಲೇ ಅಂತ.

ಕಂಪನಿಯ ಡಕ್ಟನ್ನೇ ತರಿಸಿ ಹಾಕಿದೆವು. 49 ಇದ್ದದ್ದು 36ಕ್ಕೆ ಇಳಿಯಿತು. 13 ಡಿಗ್ರಿ, ಅಂದರೆ 4 ಪರ್ಸೆಂಟ್ ಹೆಚ್ಚು ಗಾಳಿ.

ಇನ್ನು ಆ ನೀರಿನ ಟ್ಯೂಬಿನ ವಿಷಯಕ್ಕೆ ಬರ್ತೀನಿ. ಇಂಜಿನ್ನಿನ ಉಸಿರು ಕಟ್ಟಿದೆ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಕಟ್ಟಿದೆ ಅನ್ನೋದನ್ನ ಮನೆಯಲ್ಲೇ ಅಳೆಯಬಹುದು, ಅದಕ್ಕೆ ಬೇಕಾಗೋದು ಎರಡು ಮೂರು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಂದು ಹಲಗೆ, ಒಂದು ಅಳತೆ ಟೇಪು, ಸ್ವಲ್ಪ ಬಣ್ಣದ ನೀರು. ಟ್ಯೂಬನ್ನು ಹಲಗೆಯ ಮೇಲೆ ಯು ಆಕಾರಕ್ಕೆ ಬಗ್ಗಿಸಿ ಕಟ್ಟಿ, ಅರ್ಧ ಮಟ್ಟಕ್ಕೆ ನೀರು ತುಂಬಬೇಕು. ಒಂದು ತುದಿ ಹೊರಗಿನ ಗಾಳಿಗೆ ತೆರೆದಿರಲಿ. ಇನ್ನೊಂದು ತುದಿ ಬಾನೆಟ್ ಸಂದಿಯಿಂದ ತೂರಿಸಿ ಥ್ರಾಟಲ್ಲಿಗೆ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಗಾಳಿಯ ಬಾಗಿಲು) ಸ್ವಲ್ಪ ಮುಂಚೆ ಇರುವ ಪೈಪಿಗೆ ಸೇರಿಸಬೇಕು. ಈ ಗಾಡಿಯಲ್ಲಿ ಅಲ್ಲಿ ರಬ್ಬರ್ ಮುಚ್ಚಳ ಹಾಕಿದ ಒಂದು ಸಣ್ಣ ಮೂತಿ ಇತ್ತು, ತೂತು ಕೊರೆಯುವ ಪ್ರಮೇಯ ಬರಲಿಲ್ಲ. ಇಂಜಿನ್ ಎಳೆದಾಗ ಪೈಪಿನೊಳಗೆ ಒತ್ತಡ ಕಡಿಮೆಯಾಗಿ ಒಂದು ಕಡೆ ನೀರು ಏರುತ್ತೆ, ಇನ್ನೊಂದು ಕಡೆ ಇಳಿಯುತ್ತೆ. ಎರಡರ ನಡುವಿನ ಎತ್ತರವೇ ಉತ್ತರ. 10 ಸೆಂ.ಮೀ. ನೀರು ಅಂದರೆ ಸುಮಾರು 1 ಕಿಲೋಪಾಸ್ಕಲ್, ಹೊರಗಿನ ಗಾಳಿಯ ಒತ್ತಡದ ಹತ್ತಿರ ಹತ್ತಿರ 1 ಪರ್ಸೆಂಟ್. ಯು ಟ್ಯೂಬಿನ ಎರಡು ಕಾಲುಗಳೂ ಉದ್ದವಾಗಿರಬೇಕು, ಇಲ್ಲದಿದ್ದರೆ ಇಂಜಿನ್ ನೀರನ್ನೇ ಎಳೆದುಕೊಳ್ಳಬಹುದು. ನಾವು ಒಂದೊಂದು ಕಾಲನ್ನೂ 70 ಸೆಂ.ಮೀ. ಇಟ್ಟಿದ್ದೆವು. ನೀರು ನಡುಗಬಾರದು ಅಂತ ಟ್ಯೂಬಿನ ಮಧ್ಯೆ ಅಕ್ವೇರಿಯಂನ ಪುಟ್ಟ ವಾಲ್ವ್ ಹಾಕಿ ಸ್ವಲ್ಪ ಬಿಗಿ ಮಾಡಿದೆವು.

ಖಾಲಿ ನೇರ ರಸ್ತೆ, ಸೆಕೆಂಡ್ ಗೇರ್, ಪೂರ್ತಿ ಆಕ್ಸಿಲರೇಟರ್, 6000 ಆರ್‌ಪಿಎಂ ತನಕ. ಅವನು ಓಡಿಸಿದ, ನಾನು ಪಕ್ಕದಲ್ಲಿ ಹಲಗೆ ತೊಡೆಯ ಮೇಲೆ ನಿಲ್ಲಿಸಿಕೊಂಡು ಫೋನಿನಲ್ಲಿ ವಿಡಿಯೊ ಹಿಡಿದೆ. ಆಮೇಲೆ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಓದಿದೆವು. ಗಾಡಿಯಲ್ಲಿದ್ದ ಹಳೇ ಫಿಲ್ಟರ್ ಕಪ್ಪಾಗಿತ್ತು, ಮಡಿಕೆಗಳ ನಡುವೆ ಒಣಗಿದ ಎಲೆ, ಹುಳು. ಅದರಲ್ಲಿ 34 ಸೆಂ.ಮೀ. ಬಂತು. ಹೊಸ ಕಂಪನಿ ಪೇಪರ್ ಫಿಲ್ಟರ್ ಹಾಕಿದರೆ 23. ಫಿಲ್ಟರನ್ನೇ ತೆಗೆದು ಖಾಲಿ ಬಾಕ್ಸಿನಲ್ಲಿ ಒಂದೇ ಒಂದು ಓಟ, ಧೂಳಿಲ್ಲದ ಡಾಂಬರು ರಸ್ತೆ ನೋಡಿಕೊಂಡು: 16. ಡಕ್ಟನ್ನೂ ಬಿಚ್ಚಿದರೆ 7. ಹಾಗಾಗಿ 23ರಲ್ಲಿ ಫಿಲ್ಟರಿನ ಪಾಲು 7, ಡಕ್ಟಿನ ಪಾಲು 9, ಉಳಿದ 7 ಪೈಪು ಮತ್ತು ಸೆನ್ಸರಿನ ಮನೆಯದು.

ಈ ಅಂಕಿಗಳನ್ನು ಹಾಳೆಯ ಮೇಲೆ ಬರೆದು ನೋಡಿದಾಗ ಇಡೀ ಪ್ರಕರಣ ನನಗೆ ಅರ್ಥವಾಯಿತು. ಡಕ್ಟ್ ಇಲ್ಲದೆ ಓಡಿದಷ್ಟು ದಿನವೂ ಇಂಜಿನ್ನಿಗೆ ಉಸಿರಾಟ ಸಲೀಸಾಗಿತ್ತು, 9 ಸೆಂ.ಮೀ. ಅಡ್ಡಿ ಕಡಿಮೆ ಇತ್ತು. ಆದರೂ ಗಾಡಿ ಎಳೆಯಲಿಲ್ಲ. ಯಾಕಂದ್ರೆ ಅಡ್ಡಿ ಹೋಗಿ ಸಿಕ್ಕಿದ್ದು 0.9 ಪರ್ಸೆಂಟ್, ಬಿಸಿ ಗಾಳಿಯಿಂದ ಕಳೆದುಕೊಂಡಿದ್ದು 4 ಪರ್ಸೆಂಟ್. ಅವನು ತಂದಿದ್ದ ತೆರೆದ ಕಿಟ್ಟಿನ ಹಣೆಬರಹವೂ ಇದೇ. ಆ ಕಿಟ್ಟಿನಲ್ಲಿ ಅಡ್ಡಿ ಸೊನ್ನೆ ಅಂತಲೇ ಇಟ್ಟುಕೊಳ್ಳೋಣ, ಹಾಗೆ ಇರೋಕೆ ಸಾಧ್ಯವಿಲ್ಲ, ಆದರೂ ಇರಲಿ. ಗರಿಷ್ಠ ಅಂದರೆ ಆ 23 ಸೆಂ.ಮೀ. ಪೂರ್ತಿ ವಾಪಸ್ ಸಿಗುತ್ತೆ, 2.2 ಪರ್ಸೆಂಟ್, 105 ಹಾರ್ಸ್‌ಪವರಿನಲ್ಲಿ ಎರಡೂಕಾಲು. ಓಡುವಾಗಲೇ ಗಾಳಿ 36ರ ಬದಲು 44 ಡಿಗ್ರಿ ಆಗಿದ್ದಕ್ಕೆ 2.5 ಪರ್ಸೆಂಟ್ ಹೋಗುತ್ತೆ. ಒಳ್ಳೇ ಪೈಪು, ಒಳ್ಳೇ ಫಿಲ್ಟರ್ ಅಂದುಕೊಂಡರೂ ನಷ್ಟವೇ. ಟ್ರಾಫಿಕ್‌ನಲ್ಲಂತೂ ಕೇಳೋದೇ ಬೇಡ.

ಕಿಟ್ಟಿನ ಡಬ್ಬಿಯ ಮೇಲೆ 12 ಹಾರ್ಸ್‌ಪವರ್ ಜಾಸ್ತಿ ಆಗುತ್ತೆ ಅಂತ ಒಂದು ಗ್ರಾಫ್ ಇತ್ತು. ಆ ಮಾತನ್ನೂ ಟ್ಯೂಬಿನಿಂದಲೇ ಪರೀಕ್ಷಿಸಬಹುದು. 105ರ ಮೇಲೆ 12 ಅಂದರೆ 11 ಪರ್ಸೆಂಟಿಗೂ ಜಾಸ್ತಿ. ಬರೀ ಅಡ್ಡಿ ತೆಗೆದು ಅಷ್ಟು ಬರಬೇಕಾದರೆ ಕಂಪನಿ ಬಾಕ್ಸಿನಲ್ಲಿ ನೀರು ಒಂದು ಮೀಟರಿಗಿಂತ ಮೇಲೆ ಏರಬೇಕಿತ್ತು. ನಮಗೆ ಏರಿದ್ದು 23 ಸೆಂ.ಮೀ. ಇಂಥ ಗ್ರಾಫ್ ನೋಡುವಾಗ ಒಂದೆರಡು ಪ್ರಶ್ನೆ ಕೇಳಿ. ಡೈನೋ (ಗಾಡಿಯ ಪವರ್ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿದಾಗ ಬಾನೆಟ್ ತೆರೆದಿತ್ತಾ, ಮುಂದೆ ದೊಡ್ಡ ಫ್ಯಾನ್ ಇತ್ತಾ? ಇದ್ದರೆ ತೆರೆದ ಫಿಲ್ಟರಿಗೂ ತಂಪು ಗಾಳಿ ಸಿಗುತ್ತೆ, ರಸ್ತೆಯಲ್ಲಿ ಅದು ಸಿಗೋದಿಲ್ಲ. ಇಂಜಿನ್ ಪವರ್ ಅಳೆಯುವ ಮಾನದಂಡವಾದ ಎಸ್‌ಎಇ ಜೆ1349ರ ಪ್ರಕಾರ ಅಂಕಿಗಳನ್ನು 25 ಡಿಗ್ರಿ, 99 ಕಿಲೋಪಾಸ್ಕಲ್ ಹವೆಗೆ ಹೊಂದಿಸಿ ಹೇಳುವ ಪದ್ಧತಿ ಇದೆ, ಹಾಗೆ ಹೊಂದಿಸಿದ್ದಾರಾ? ಮೊದಲಿನ ಓಟಕ್ಕೆ ಹೊಸ ಫಿಲ್ಟರ್ ಇತ್ತಾ, ಇಲ್ಲಾ ಕಪ್ಪಾದ ಹಳೇದೇ ಇತ್ತಾ?

ಪೈಪಿನ ಉದ್ದ ಬದಲಾದರೆ ಗಾಳಿಯ ಅಲೆಗಳು ಬಡಿಯುವ ಲಯವೂ ಬದಲಾಗುತ್ತೆ, ಒಂದು ಆರ್‌ಪಿಎಂನಲ್ಲಿ ಸ್ವಲ್ಪ ಸಿಕ್ಕಿ ಇನ್ನೊಂದರಲ್ಲಿ ಸ್ವಲ್ಪ ಹೋಗುತ್ತೆ. ಚಿಕ್ಕ ಪೈಪಿನ ಕಿಟ್ ಹಾಕಿದವರು ಕೆಳಗಿನ ಎಳೆತ ಕಮ್ಮಿ ಆಯ್ತು ಅನ್ನೋದು ಸುಳ್ಳಲ್ಲ. ಟರ್ಬೊ ಗಾಡಿಯಾಗಿದ್ದರೆ ನನ್ನ ಲೆಕ್ಕವೂ ಬೇರೆ ಆಗ್ತಿತ್ತು, ಅಲ್ಲಿ ಟರ್ಬೊದ ಮುಂದಿನ ಅಡ್ಡಿಯನ್ನು ಕಂಪ್ರೆಸರ್ ದುಡಿದು ತುಂಬಿಸಬೇಕು, ಅದಕ್ಕೇ ಒಳ್ಳೇ ಇನ್‌ಟೇಕ್ ಇಲ್ಲಿಗಿಂತ ಜಾಸ್ತಿ ಉಪಕಾರ ಮಾಡುತ್ತೆ.

ಮೈಲೇಜ್ ಬಗ್ಗೆ ಅವನು ಕೇಳಿಯೇ ಕೇಳಿದ. ಬರೋದಿಲ್ಲ ಕಣೋ ಅಂದೆ. ನಿಧಾನಕ್ಕೆ ಓಡಿಸುವಾಗ ಗಾಳಿಯನ್ನು ತಡೆದು ನಿಲ್ಲಿಸೋದು ಥ್ರಾಟಲ್ ಬಾಗಿಲೇ. ಅದು ಮುಕ್ಕಾಲು ಮುಚ್ಚಿರುವಾಗ ಅದರ ಮುಂದೆ ಫಿಲ್ಟರ್ ಎಷ್ಟು ಸಲೀಸಾಗಿದ್ದರೇನು? ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ಫಿಲ್ಟರ್ ಕಟ್ಟಿಕೊಂಡಿದ್ದರೂ ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಗಾಡಿಗಳ ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಪೂರ್ತಿ ಒತ್ತಿದಾಗಿನ ಪಿಕಪ್ ಮಾತ್ರ ಕಮ್ಮಿಯಾಗಿತ್ತು.

ಸಮಯವನ್ನೂ ಅಳೆದೆವು. ಸೆಕೆಂಡ್ ಗೇರಿನಲ್ಲಿ 2500ರಿಂದ 6000 ಆರ್‌ಪಿಎಂ ತನಕ, ಅದೇ ರಸ್ತೆಯಲ್ಲಿ ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ, ಆರರ ಸರಾಸರಿ. ಡಕ್ಟ್ ಇಲ್ಲದೆ, ಹಳೇ ಫಿಲ್ಟರಿನಲ್ಲಿ 6.1 ಸೆಕೆಂಡ್. ಡಕ್ಟ್ ಮತ್ತು ಹೊಸ ಪೇಪರ್ ಫಿಲ್ಟರ್ ಹಾಕಿದ ಮೇಲೆ 5.7. ಓಟದಿಂದ ಓಟಕ್ಕೇ 0.1 ಹೆಚ್ಚುಕಮ್ಮಿ ಆಗ್ತಿತ್ತು, ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ನಾನು ನಂಬೋದಿಲ್ಲ. 0.4 ನಂಬಬಹುದು. ಸ್ಟೇರಿಂಗ್ ಹಿಡಿದವನಿಗೇ ಅದು ಗೊತ್ತಾಯಿತು.

ನನ್ನ ಪಾಲಿಗೆ ಕೆಲಸ ಅಲ್ಲಿಗೆ ಮುಗಿದಿತ್ತು. ಅವನಿಗೆ ಮುಗಿದಿರಲಿಲ್ಲ. "ಎಲ್ಲಾ ಸರಿ, ಆದರೆ ಆ ಸೌಂಡ್ ಬೇಕು ಕಣೋ" ಅಂದ. ಅದರಲ್ಲಿ ತಪ್ಪೇನಿಲ್ಲ. ಏನು ಸಿಗುತ್ತೆ, ಏನು ಸಿಗೋದಿಲ್ಲ ಅಂತ ಗೊತ್ತಿದ್ದು ತಗೊಂಡರೆ ಸೌಂಡಿಗೋಸ್ಕರ ಕಿಟ್ ಹಾಕೋದೂ ಒಂದು ಸರಿಯಾದ ಕಾರಣವೇ. ಹಾಗಾಗಿ ಮತ್ತೆ ಹುಡುಕಾಟ ಶುರುವಾಯಿತು, ಈ ಸಲ ಕೈಯಲ್ಲಿ ಅಂಕಿಗಳಿದ್ದವು.

ಸಿಕ್ಕಿದ್ದು ಮೂರು ದಾರಿ. ಮೊದಲನೆಯದು ಇದ್ದ ಬಾಕ್ಸಿಗೇ ಕೂರುವ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್. ಅದರಿಂದ ಉಳಿಯೋದು ಫಿಲ್ಟರಿನ ಪಾಲಿನ 7 ಸೆಂ.ಮೀ.ನಲ್ಲಿ ಒಂದಷ್ಟು ಮಾತ್ರ, ಸೌಂಡ್ ಹೆಚ್ಚುಕಡಿಮೆ ಅಷ್ಟೇ. ತೊಳೆದು ಮತ್ತೆ ಬಳಸಬಹುದು ಅನ್ನೋದು ನಿಜ. ಆದರೆ ತೊಳೆದ ಮೇಲೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ಗಾಳಿಯ ಜೊತೆ ಹೋಗಿ ಮ್ಯಾಫ್ ಸೆನ್ಸರಿನ ತಂತಿಗೆ ಅಂಟಬಹುದು, ಕಡಿಮೆ ಹಚ್ಚಿದರೆ ಧೂಳು ಒಳಗೆ ಹೋಗುತ್ತೆ. ಅಷ್ಟು ತಾಳ್ಮೆಯಿಂದ ಹಚ್ಚುವವನು ಅವನಲ್ಲ, ಅವನೇ ಒಪ್ಪಿಕೊಂಡ. ಬಿಟ್ಟೆವು.

ಎರಡನೆಯದು ಉದ್ದ ಪೈಪಿನ ಕಿಟ್, ಫಿಲ್ಟರ್ ಕೆಳಗೆ ಬಂಪರ್ ಒಳಗೆ ಇಳಿದು ಕೂರುತ್ತೆ. ತಂಪು ಗಾಳಿ ಸಿಗುವುದರಲ್ಲಿ ಅನುಮಾನವಿಲ್ಲ, ಸೌಂಡೂ ಚೆನ್ನಾಗಿರುತ್ತೆ. ಅವನ ಕಣ್ಣಿದ್ದದ್ದು ಇದರ ಮೇಲೇ. ನಾನು ಬೇಡವೇ ಬೇಡ ಅಂದೆ. ಅವನು ದಿನಾ ಹೋಗುವ ದಾರಿಯಲ್ಲಿ ಮಳೆ ಬಂದರೆ ನೀರು ನಿಲ್ಲುವ ಒಂದು ಕೆಳಸೇತುವೆ ಇದೆ. 1.6 ಲೀಟರನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ 400 ಸಿಸಿ. ಈ ಇಂಜಿನ್ನಿನ ಕಂಪ್ರೆಷನ್ 10.5ಕ್ಕೆ 1. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 400ನ್ನು 9.5ರಿಂದ ಭಾಗಿಸಿದಷ್ಟು, 42 ಮಿಲಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತೋಕೆ ಆಗೋದಿಲ್ಲ. ಒಂದು ಸಿಲಿಂಡರಿಗೆ 42 ಮಿಲಿಗಿಂತ ಸ್ವಲ್ಪ ಜಾಸ್ತಿ ನೀರು ಹೋದರೆ ಪಿಸ್ಟನ್ ಮೇಲೆ ಬರೋಕೆ ಜಾಗವೇ ಇರೋದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಅವನ ಕಣ್ಣೆದುರೇ ಒಂದು ಲೋಟಕ್ಕೆ ಅಳತೆ ಮಾಡಿ 42 ಮಿಲಿ ನೀರು ಸುರಿದು ತೋರಿಸಿದೆ. ತಳ ಮುಚ್ಚಿ ಒಂದು ಬೆರಳು ಮೇಲೆ, ಅಷ್ಟೇ. ಮುಳುಗಿದಾಗ ಬೇರೆ ಕಡೆಯಿಂದ ಗಾಳಿ ಬಿಡುವ ಬೈಪಾಸ್ ವಾಲ್ವ್ ಸಿಗುತ್ತೆ, ಆದರೆ ಇಂಜಿನ್ನಿನ ಪ್ರಾಣವನ್ನು ಒಂದು ರಬ್ಬರ್ ತುಂಡಿನ ಮೇಲೆ ಬಿಡೋಕೆ ನನಗೆ ಮನಸ್ಸಾಗಲಿಲ್ಲ. ಲೋಟ ನೋಡಿದ ಮೇಲೆ ಅವನೂ ಆ ಕಿಟ್ಟಿನ ಮಾತೆತ್ತಲಿಲ್ಲ.

ಮೂರನೆಯದು ಮುಚ್ಚಿದ ಬಾಕ್ಸಿನ ಕಿಟ್. ಫಿಲ್ಟರ್ ಕಂಪನಿಯ ಫಿಲ್ಟರ್ ಇದ್ದ ಎತ್ತರದಲ್ಲೇ ಇರುತ್ತೆ, ಸುತ್ತ ಬಾಕ್ಸು, ಮೇಲೆ ರಬ್ಬರ್ ಸೀಲ್ ಇರುವ ಮುಚ್ಚಳ, ಬಾಯಿ ಗ್ರಿಲ್ ಕಡೆಗೆ ಹೋಗುವ ಡಕ್ಟಿಗೆ ಸೇರುತ್ತೆ. ಈ ಥರದವು ಎರಡು ನಮ್ಮ ಮುಂದಿದ್ದವು, ಎರಡೂ ಇದೇ ಮಾಡೆಲ್ಲಿಗೆ ಅಂತಲೇ ಮಾಡಿದ್ದು. ಇಬ್ಬರಿಗೂ ಒಂದೇ ಪ್ರಶ್ನೆಗಳನ್ನು ಬರೆದು ಕಳಿಸಿದೆವು: ಸೆನ್ಸರ್ ಕೂರುವ ಜಾಗದ ಒಳ ಅಳತೆ ಎಷ್ಟು, ಸೆನ್ಸರಿಗೆ ಮುಂಚೆ ನೇರ ಪೈಪು ಎಷ್ಟು ಉದ್ದ ಇದೆ, ಬ್ರೀದರ್ ಮೂತಿ ಎಷ್ಟು ದಪ್ಪ, ಫಿಲ್ಟರನ್ನು ಐಎಸ್‌ಒ 5011 (ಏರ್ ಫಿಲ್ಟರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಪರೀಕ್ಷೆ ಮಾಡಿದ್ದೀರಾ. ನೇರ ಪೈಪಿನ ಪ್ರಶ್ನೆ ಯಾಕಂದ್ರೆ, ತಿರುವಿನ ಬೆನ್ನಿಗೇ ಸೆನ್ಸರ್ ಇಟ್ಟರೆ ಗಾಳಿ ಒಂದು ಕಡೆಗೆ ವಾಲಿ ಓದುವಿಕೆ ತಪ್ಪುತ್ತೆ. ಕಂಪನಿಯವರು ಸೆನ್ಸರಿನ ಮುಂದೆ ಜೇನುಗೂಡಿನಂಥ ಜಾಲರಿ ಇಡೋದೂ ಇದಕ್ಕೇ.

ಒಬ್ಬರು ಅಳತೆಗಳನ್ನೂ ಪರೀಕ್ಷೆಯ ಹಾಳೆಯನ್ನೂ ಕಳಿಸಿದರು. ಇನ್ನೊಬ್ಬರು ಗಾಳಿ ಇಷ್ಟು ಜಾಸ್ತಿ ಹರಿಯುತ್ತೆ ಅಂತ ಮಾತ್ರ ಬರೆದರು, ಧೂಳು ಎಷ್ಟು ನಿಲ್ಲುತ್ತೆ ಅಂತ ಹೇಳಲಿಲ್ಲ. ಗಾಳಿ ಸಲೀಸಾಗಿ ಬಿಡೋದು ದೊಡ್ಡ ವಿಷಯವಲ್ಲ, ಸೊಳ್ಳೆ ಪರದೆಯೂ ಬಿಡುತ್ತೆ. ಧೂಳಿನ ಅಂಕಿಯನ್ನು ಓದುವಾಗ ತಿರುಗಿಸಿ ಓದಿ. 99 ಪರ್ಸೆಂಟ್ ಹಿಡಿಯುವ ಫಿಲ್ಟರಿಗೂ 98 ಹಿಡಿಯುವುದಕ್ಕೂ ಒಂದೇ ಪರ್ಸೆಂಟ್ ವ್ಯತ್ಯಾಸ ಅನಿಸುತ್ತೆ, ಆದರೆ ಒಳಗೆ ಹೋಗುವ ಧೂಳು ಒಂದರಿಂದ ಎರಡಾಯಿತು, ನೇರ ಎರಡರಷ್ಟು. ಆ ಧೂಳೇ ಸಿಲಿಂಡರ್ ಗೋಡೆಯನ್ನೂ ರಿಂಗನ್ನೂ ತೇಯೋದು. ಹಾಳೆ ಕಳಿಸಿದವರದ್ದು ಎಣ್ಣೆ ಬೇಡದ ಒಣ ಫಿಲ್ಟರ್, 99ಕ್ಕಿಂತ ಮೇಲಿತ್ತು. ಸೆನ್ಸರಿನ ಜಾಗ 60 ಮಿ.ಮೀ., ಜಾಲರಿಯೂ ಇತ್ತು. ಅದನ್ನೇ ತಗೊಂಡೆವು. ಪೈಪು ಅಲ್ಯೂಮಿನಿಯಮ್ಮಾ ಪ್ಲಾಸ್ಟಿಕ್ಕಾ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. 6000 ಆರ್‌ಪಿಎಂನಲ್ಲಿ 60 ಮಿ.ಮೀ. ಪೈಪಿನೊಳಗೆ ಗಾಳಿ ಸೆಕೆಂಡಿಗೆ 24 ಮೀಟರ್ ಓಡುತ್ತೆ. ಅರ್ಧ ಮೀಟರ್ ಚಿಲ್ಲರೆ ಪೈಪು ದಾಟೋಕೆ ಅದಕ್ಕೆ ಬೇಕಾಗೋದು ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ. ಅಷ್ಟರಲ್ಲಿ ಎಷ್ಟು ಬಿಸಿಯಾದೀತು? ಗಾಳಿಯನ್ನು ಎಲ್ಲಿಂದ ಎಳೆಯುತ್ತೆ ಅನ್ನೋದೇ ಮುಖ್ಯ.

ಕೂರಿಸೋಕೆ ಅರ್ಧ ದಿನ ಹಿಡಿಯಿತು. ಸೆನ್ಸರ್ ಮೇಲಿನ ಬಾಣದ ಗುರುತು ಇಂಜಿನ್ ಕಡೆಗೆ ಇರಬೇಕು, ತಂತಿಯನ್ನು ಕೈಯಲ್ಲಿ ಮುಟ್ಟಬಾರದು. ಇಂಜಿನ್ ತನ್ನ ಮೌಂಟುಗಳ ಮೇಲೆ ಅಲ್ಲಾಡುತ್ತೆ, ಬಾಡಿಗೆ ಬಿಗಿದ ಬಾಕ್ಸು ಅಲ್ಲಾಡೋದಿಲ್ಲ, ಹಾಗಾಗಿ ನಡುವೆ ಬಾಗುವ ಸಿಲಿಕಾನ್ ಜೋಡಣೆ ಬೇಕೇ ಬೇಕು. ಪೈಪಿನ ಸುತ್ತ ಎಲ್ಲ ಕಡೆ ಒಂದು ಬೆರಳು ತೂರುವಷ್ಟು ಸಂದಿ ಇದೆಯಾ ನೋಡಿಕೊಂಡೆವು, ಬ್ಯಾಟರಿ ಹತ್ತಿರ ತಾಗ್ತಾ ಇತ್ತು, ತಿರುಗಿಸಿ ಬಿಗಿದೆವು. ಕತ್ತಲಾದ ಮೇಲೆ ಒಂದು ಸಣ್ಣ ಟಾರ್ಚ್ ಹಚ್ಚಿ ಬಾಕ್ಸಿನೊಳಗೆ ಇಟ್ಟು ಮುಚ್ಚಳ ಬಿಗಿದು, ಗ್ಯಾರೇಜಿನ ದೀಪ ಆರಿಸಿದೆವು. ಹಿಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಿಸಿತು. ಅಲ್ಲಿ ಮುಚ್ಚಳದ ರಬ್ಬರ್ ಮಡಿಸಿಕೊಂಡು ಕೂತಿತ್ತು. ಬಿಡಿಸಿ ಕೂರಿಸಿದ ಮೇಲೆ ಪೂರ್ತಿ ಕತ್ತಲೆ.

ಆಮೇಲಿನ ಅಂಕಿಗಳು. ಟ್ಯೂಬಿನಲ್ಲಿ 23ರ ಬದಲು 14 ಸೆಂ.ಮೀ. ಗಾಳಿಯ ಬಿಸಿ 36ರ ಬದಲು 37. ಟ್ರಿಮ್ ಪ್ಲಸ್ 4, ಯಾವ ಕೋಡೂ ಇಲ್ಲ, ಏರಿನಲ್ಲಿ ಕಟಕಟ ಇಲ್ಲ. ಸಮಯ 5.6 ಸೆಕೆಂಡ್, 5.7ರಿಂದ 0.1 ಕಡಿಮೆ. ಇದನ್ನು ಲಾಭ ಅಂತ ನಾನು ಬರೆಯೋದಿಲ್ಲ, ನಮ್ಮ ಅಳತೆಯ ತಪ್ಪೇ ಅಷ್ಟಿದೆ. ಮೈಲೇಜ್ ಹೇಗಿತ್ತೋ ಹಾಗೇ ಇದೆ. 3500 ಆರ್‌ಪಿಎಂ ದಾಟಿದ ಮೇಲೆ ಒಂದು ಗಾಢವಾದ ಎಳೆತದ ಸದ್ದು ಬರುತ್ತೆ, ಕೆಳಗೆ ಮೊದಲಿನಷ್ಟೇ ಸದ್ದಿಲ್ಲ. ನನಗೂ ಇಷ್ಟವಾಯಿತು, ನಿಜ ಹೇಳಬೇಕಂದ್ರೆ. ನನ್ನ ಗಾಡಿಯಾಗಿದ್ದರೆ ಡಕ್ಟು, ಪೇಪರ್ ಫಿಲ್ಟರಿಗೇ ನಿಲ್ಲಿಸ್ತಿದ್ದೆ, ಆದರೆ ಅವನು ಖುಷಿಯಾಗಿದ್ದಾನೆ, ಇಂಜಿನ್ನಿಗೂ ತೊಂದರೆಯಿಲ್ಲ.

500 ಕಿ.ಮೀ. ಆದ ಮೇಲೆ ಫಿಲ್ಟರ್ ಆಚೆಗಿನ ಪೈಪು ಬಿಚ್ಚಿ, ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆವು. ಒಂದು ಕಡೆ ತೆಳ್ಳಗೆ ಕಂದು ಗೆರೆ ಬಂತು. ಫಿಲ್ಟರಿನ ಕತ್ತಿಗೆ ಹಾಕಿದ್ದ ಕ್ಲಾಂಪ್ ಓರೆಯಾಗಿತ್ತು, ಅಲ್ಲಿಂದ ಧೂಳು ನುಸುಳಿತ್ತು. ಪೈಪು ಒರೆಸಿ, ಕ್ಲಾಂಪ್ ನೇರ ಮಾಡಿ ಬಿಗಿದೆವು. 1,000ಕ್ಕೆ ಮತ್ತೆ ಒರೆಸಿದಾಗ ಬಟ್ಟೆ ಬೆಳ್ಳಗೇ ಬಂತು. 5,000ಕ್ಕೆ ಅವನೇ ಬಿಚ್ಚಿ ನೋಡಿ, ಬಟ್ಟೆಯ ಫೋಟೊ ಕಳಿಸಿದ. ಅದರ ಜೊತೆ ಇನ್ನೊಂದು ಫೋಟೊ ಇತ್ತು: ಡಕ್ಟಿನ ಎರಡು ಕ್ಲಿಪ್ಪಿಗೂ ಕೆಂಪು ಬಣ್ಣ ಹಚ್ಚಿದ್ದಾನೆ. ಮುಂದೆ ಯಾವತ್ತಾದರೂ ಬಂಪರ್ ಬಿಚ್ಚಿಸಬೇಕಾಗಿ ಬಂದರೆ, ಗಾಡಿ ವಾಪಸ್ ತಗೊಳ್ಳುವಾಗ ಬಾನೆಟ್ ಎತ್ತಿ ಆ ಎರಡು ಕೆಂಪು ಚುಕ್ಕೆ ಇವೆಯಾ ಅಂತ ನೋಡಿಕೊಳ್ತಾನಂತೆ.